ಹೈಡ್ರೋಪೋನಿಕ್ಸ್ ಗಿಡದ ಬುಡ ಕೊಳೆಯುತ್ತಿದೆಯಾ? ಔಷಧಿ ಹುಡುಕುವ ಮೊದಲು ನೀರು ಮುಟ್ಟಿ ನೋಡಿ

ಬೆಂಗಳೂರು, ನಮ್ಮ ಮನೆ ತಾರಸಿ, ಏಪ್ರಿಲ್ ತಿಂಗಳ ಮಧ್ಯಾಹ್ನ. ಅಲ್ಲಿ ನಮ್ಮದು ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಗಿಡ ಬೆಳೆಸುವುದು. ಟ್ಯಾಂಕಿನಲ್ಲಿ ನೀರು ತುಂಬಿತ್ತು. ಪಂಪ್ ಓಡುತ್ತಿತ್ತು, ಪೈಪಿನಲ್ಲಿ ನೀರು ಹರಿಯುವ ಸದ್ದೂ ಕೇಳುತ್ತಿತ್ತು. ಆದರೂ ಮೂರನೇ ಸಾಲಿನ ಲೆಟ್ಯೂಸ್ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿದ್ದವು. ಸಂಜೆ ಆರಕ್ಕೆ ಹೋಗಿ ನೋಡಿದರೆ ಮತ್ತೆ ನೆಟ್ಟಗೆ ನಿಂತಿವೆ. ಬಿಸಿಲಿಗೆ ಬಾಡಿರಬೇಕು ಅಂದುಕೊಂಡು ಸುಮ್ಮನಾದೆ. ಮೂರನೇ ದಿನ ಒಂದು ಗಿಡವನ್ನು ಎಲೆ ಸಮೇತ ಹಿಡಿದು ಎತ್ತಿದೆ. ಮೇಲಿನ ಭಾಗ ಮಾತ್ರ ಕೈಗೆ ಬಂತು, ಬುಡ ನೆಟ್ ಪಾಟಿನಲ್ಲೇ (ಗಿಡ ಕೂರಿಸುವ ಜಾಲರಿ ಕುಂಡ) ಉಳಿಯಿತು. ಆ ವಾರ 22 ಗಿಡ ಹೋದವು.

ಆ ಮೊದಲ ಮಧ್ಯಾಹ್ನವೇ ಒಂದು ಪಾಟ್ ಎತ್ತಿ ಬೇರು ನೋಡಿದ್ದರೆ ಅರ್ಧಕ್ಕಿಂತ ಜಾಸ್ತಿ ಗಿಡ ಉಳಿಯುತ್ತಿದ್ದವು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಕಾಂಡ ಕೊಳೆತದ್ದು ನಮ್ಮ ಕಣ್ಣಿಗೆ ಬೀಳುವುದು ಕೊನೆಯಲ್ಲಿ. ಹೆಚ್ಚಿನ ಸಲ ಕಾಯಿಲೆ ಶುರುವಾಗುವುದು ಬಿಸಿಯಾದ, ಗಾಳಿ ಇಲ್ಲದ ನೀರಿನಲ್ಲಿ. ಅಲ್ಲಿಂದ ಬೇರಿಗೆ, ಬೇರಿನಿಂದ ಬುಡಕ್ಕೆ.

ಯಾರು ಈ ಕಳ್ಳ?

ಹೆಚ್ಚಾಗಿ ಪಿಥಿಯಂ. ನೋಡಲು ಬೂಷ್ಟಿನ ಹಾಗಿದ್ದರೂ ಇದು ನಿಜವಾದ ಶಿಲೀಂಧ್ರ ಅಲ್ಲ, ನೀರನ್ನೇ ನೆಚ್ಚಿಕೊಂಡ ಬೇರೆ ಗುಂಪಿನ ಜೀವಿ. ಮಲೆನಾಡಿನವರಿಗೆ ಅಡಿಕೆ ಕೊಳೆರೋಗ ಗೊತ್ತಲ್ಲ, ಅದನ್ನು ತರುವ ಫೈಟಾಫ್ತೊರ ಇದರ ದಾಯಾದಿ. ಶುಂಠಿ ಗಡ್ಡೆ ಕೊಳೆಯಂತೂ ಪಿಥಿಯಂನದೇ ಕೆಲಸ. ಕೊಳೆ ಹತ್ತಿದ ಶುಂಠಿ ಗಿಡವನ್ನು ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ, ಬೆಳೆದವರು ಇದನ್ನೇ ಮೊದಲ ಗುರುತು ಅನ್ನುತ್ತಾರೆ. ನನ್ನ ಕೈಗೆ ಬಂದ ಲೆಟ್ಯೂಸ್ ಕೂಡ ಹಾಗೇ ಬಂದದ್ದು.

ಪಿಥಿಯಂನ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಹೊಲದಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಲು ಅವಕ್ಕೆ ಮಳೆ ಬರಬೇಕು, ನೀರು ನಿಲ್ಲಬೇಕು. ನಮ್ಮ ವ್ಯವಸ್ಥೆಯಲ್ಲಿ ಎಲ್ಲ ಗಿಡಕ್ಕೂ ಒಂದೇ ಟ್ಯಾಂಕಿನ ನೀರು ಸುತ್ತುತ್ತದೆ, ಹಾಗಾಗಿ ಒಂದು ಗಿಡಕ್ಕೆ ಬಂದದ್ದು ಎರಡೇ ದಿನದಲ್ಲಿ ಎಲ್ಲ ಗಿಡದ ಬಾಗಿಲಿಗೂ ಹೋಗಿರುತ್ತದೆ. ಆದರೆ ಒಂದು ವಿಷಯ ನೆನಪಿರಲಿ. ಗಟ್ಟಿಯಾಗಿರುವ ಬೇರಿನ ಮುಂದೆ ಪಿಥಿಯಂ ಆಟ ಅಷ್ಟಾಗಿ ನಡೆಯುವುದಿಲ್ಲ. ಉಸಿರು ಕಟ್ಟಿದ ಬೇರು ಸಿಕ್ಕರೆ ಮಾತ್ರ ಅದಕ್ಕೆ ಹಬ್ಬ.

ಹಂತ 1: ಯಾವ ಹೊತ್ತಿಗೆ ಬಾಡುತ್ತದೆ ಅಂತ ಗಮನಿಸಿ

ನೀರು ಸಾಕಷ್ಟಿದ್ದೂ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಂಡರೆ ಬೇರಿಗೆ ನೀರು ಎಳೆಯುವ ಶಕ್ತಿ ಕಡಿಮೆಯಾಗಿದೆ ಎಂದೇ ತಿಳಿಯಿರಿ. ಪಕ್ಕದ ಕುಂಡದಲ್ಲಿ ಮಣ್ಣಿನಲ್ಲಿರುವ ಗಿಡ ಚೆನ್ನಾಗಿದ್ದು ಇದೊಂದೇ ಬಾಡಿದ್ದರೆ ಅನುಮಾನವೇ ಬೇಡ. ಬೆಳಗ್ಗೆಯೂ ಬಾಡಿದ್ದರೆ ಕಾಯಿಲೆ ಮುಂದುವರಿದಿದೆ. ಗಿಡದ ಬೆಳವಣಿಗೆ ಸುಮ್ನೆ ನಿಂತುಬಿಡುವುದು, ಟ್ಯಾಂಕಿನ ನೀರು ದಿನಕ್ಕೆ ಇಳಿಯುವಷ್ಟು ಇಳಿಯದೇ ಇರುವುದು, ಇವೂ ಗುರುತುಗಳೇ. ನಾನು ಟ್ಯಾಂಕಿನ ಒಳಗೋಡೆಗೆ ಮಾರ್ಕರ್‌ನಲ್ಲಿ ಗೀಟು ಹಾಕಿದ್ದೇನೆ. ಇದ್ದಕ್ಕಿದ್ದಂತೆ ನೀರು ಕುಡಿಯುವುದು ಕಡಿಮೆಯಾದರೆ ಬೇರು ಬಗ್ಗಿ ನೋಡುತ್ತೇನೆ.

ಹಂತ 2: ಪಾಟ್ ಎತ್ತಿ, ಬೇರು ಎಳೆದು ನೋಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಬಾಡಿದ ಗಿಡ ಒಂದು, ಚೆನ್ನಾಗಿರುವ ಗಿಡ ಒಂದು, ಎರಡನ್ನೂ ಎತ್ತಿ. ಚೆನ್ನಾಗಿರುವುದನ್ನು ಮೊದಲು ಮುಟ್ಟಿ, ಕಾಯಿಲೆಯದ್ದನ್ನು ಆಮೇಲೆ, ಇಲ್ಲದಿದ್ದರೆ ನಿಮ್ಮ ಬೆರಳೇ ರೋಗ ಹರಡುತ್ತದೆ.

ಬೇರಿನ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಗಟ್ಟಿ ಬೇರಾದರೆ ಬೆರಳು ಜಾರುತ್ತದೆ, ಬೇರು ಹಾಗೇ ಇರುತ್ತದೆ. ಕೊಳೆತದ್ದಾದರೆ ಹಿದುಕಿದ ಅವರೆ ಮಾಡುವಾಗ ಕಾಳಿನ ಸಿಪ್ಪೆ ಜಾರುತ್ತಲ್ಲ, ಹಾಗೆ ಹೊರಗಿನ ಸಿಪ್ಪೆ ನಿಮ್ಮ ಬೆರಳಿಗೆ ಬಂದುಬಿಡುತ್ತದೆ, ಒಳಗಿನ ದಾರದಂಥ ನಾರು ಮಾತ್ರ ಗಿಡದಲ್ಲಿ ಉಳಿಯುತ್ತದೆ. ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿ. ಚರಂಡಿಯ ವಾಸನೆ ಬಂದರೆ ಅಲ್ಲಿಗೆ ಖಚಿತ.

ಬಣ್ಣವನ್ನು ಮಾತ್ರ ನಂಬಬೇಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಿಡುವ ಕಂದು ನೀರು, ಕಬ್ಬಿಣದ ಅಂಶ ಇರುವ ನ್ಯೂಟ್ರಿಯೆಂಟ್ (ನೀರಿಗೆ ಬೆರೆಸುವ ಗೊಬ್ಬರ), ಸೀವೀಡ್ ದ್ರಾವಣ, ಇವೆಲ್ಲ ಬಿಳಿ ಬೇರನ್ನು ಟೀ ಬಣ್ಣಕ್ಕೆ ತಿರುಗಿಸುತ್ತವೆ. ಬಣ್ಣ ಕಂದಾಗಿದ್ದು, ಮುಟ್ಟಿದರೆ ಗಟ್ಟಿ ಇದ್ದು, ವಾಸನೆ ಇಲ್ಲದೆ, ತುದಿಯಲ್ಲಿ ಹೊಸ ಬಿಳಿ ಬೇರು ಬರುತ್ತಿದ್ದರೆ ಆ ಗಿಡ ಆರೋಗ್ಯವಾಗಿದೆ. ಸುಮ್ನೆ ಹೆದರಿ ಔಷಧಿ ಸುರಿಯಬೇಡಿ.

ಹಂತ 3: ಬುಡವನ್ನು ಹತ್ತಿರದಿಂದ ನೋಡಿ

ಕ್ಲೇ ಬಾಲ್ಸ್ (ಸುಟ್ಟ ಜೇಡಿಮಣ್ಣಿನ ಗುಂಡುಗಳು) ಅಥವಾ ಕೋಕೋಪೀಟ್ ಪಕ್ಕಕ್ಕೆ ಸರಿಸಿ ಕಾಂಡದ ಕುತ್ತಿಗೆಯನ್ನು, ಅಂದರೆ ಬೇರು ಮುಗಿದು ಕಾಂಡ ಶುರುವಾಗುವ ಜಾಗವನ್ನು ಬಿಡಿಸಿಕೊಳ್ಳಿ. ಮೊಬೈಲ್ ಟಾರ್ಚ್ ಹಾಕಿ. ಕೊಳೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನುವುದು ಇಲ್ಲಿ ಗೊತ್ತಾಗಬೇಕು.

ಬೇರೂ ಕೊಳೆತು, ಕಂದು ನೀರಿನಂಥ ಕಲೆ ಕೆಳಗಿನಿಂದ ಮೇಲಕ್ಕೆ ಏರಿದ್ದರೆ ಪಿಥಿಯಂ ಅಥವಾ ಅದರ ದಾಯಾದಿ. ಬೇರು ಬೆಳ್ಳಗೆ ಚೆನ್ನಾಗಿದ್ದು ಕುತ್ತಿಗೆ ಮಾತ್ರ ಕಂದಾಗಿ, ಒಣಗಿದಂತೆ, ದಾರ ಕಟ್ಟಿದ ಹಾಗೆ ಸಣ್ಣದಾಗಿದ್ದರೆ ರೈಜೋಕ್ಟೋನಿಯಾ ಎಂಬ ಶಿಲೀಂಧ್ರ ಇರಬಹುದು, ಸಸಿ ಮಡಿಯಲ್ಲಿ ಸಸಿಗಳು ಬುಡ ಮುರಿದು ಬೀಳುವುದಕ್ಕೆ ಇದೂ ಒಂದು ಕಾರಣ. ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರೊಳಗೆ ಇಲಿ ಹಿಕ್ಕೆಯಂಥ ಕಪ್ಪು ಗಟ್ಟಿ ಕಾಳುಗಳು ಕಂಡರೆ ಸ್ಕ್ಲೆರೋಟಿನಿಯಾ. ಆ ಕಾಳು ಒಂದನ್ನೂ ಬಿಡದೆ ತೆಗೆಯಿರಿ, ವರ್ಷಗಟ್ಟಲೆ ಬದುಕಿರುತ್ತವೆ. ಬೂದಿ ಉದುರಿದ ಹಾಗೆ ಕಂಡು, ಅಲ್ಲಾಡಿಸಿದರೆ ಪುಡಿ ಹಾರಿದರೆ ಬೋಟ್ರೈಟಿಸ್. ಇದು ಎಲೆ ಕಿತ್ತ ಗಾಯದಿಂದ, ಒಣಗಿದ ಕೆಳಗಿನ ಎಲೆಯಿಂದ ಒಳಗೆ ಬರುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡ, ತೇವ ಇದಕ್ಕೆ ತುಂಬಾ ಇಷ್ಟ. ಲೋಳೆ ಲೋಳೆಯಾಗಿ, ಮುಟ್ಟಿದರೆ ಕರಗಿ, ಸಹಿಸಲಾಗದಷ್ಟು ನಾರುತ್ತಿದ್ದರೆ ಬ್ಯಾಕ್ಟೀರಿಯಾ ಕೊಳೆ.

ಇನ್ನೊಂದಿದೆ, ಇದನ್ನು ರೋಗ ಅಂದುಕೊಂಡು ಮೋಸ ಹೋಗುವವರು ಬಹಳ ಜನ. ಕಾಂಡದ ಸುತ್ತ ಕೋಕೋಪೀಟ್ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿ, ಅದು ತಾಗಿದ ಗೆರೆಯಲ್ಲೇ ಕಾಂಡ ಸುಟ್ಟಂತೆ ಕಂದಾಗಿರುತ್ತದೆ. ನೀರು ಮೇಲಕ್ಕೆ ಏರಿ ಆವಿಯಾಗಿ ಗೊಬ್ಬರದ ಉಪ್ಪು ಅಲ್ಲೇ ಉಳಿದದ್ದು ಅಷ್ಟೆ. ಬೋರ್‌ವೆಲ್ ನೀರು ಬಳಸುವವರಿಗೆ ಇದು ಜಾಸ್ತಿ. ಬರಿ ನೀರು ಹನಿಸಿ ಉಪ್ಪು ತೊಳೆದರೆ ನಿಲ್ಲುತ್ತದೆ, ಆದರೆ ಹಾಗೇ ಬಿಟ್ಟರೆ ಆ ಗಾಯದಿಂದಲೇ ನಿಜವಾದ ಕೊಳೆ ಒಳಗೆ ಹೋಗುತ್ತದೆ.

ಹಂತ 4: ಒಂದು ಗಿಡ ಬಲಿ ಕೊಡಿ

ತೀರಾ ಬಾಡಿದ ಗಿಡವನ್ನು ಉದ್ದಕ್ಕೆ ಸೀಳಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಕಾಂಡದ ಹೊರಗೆ ಏನೂ ಕಾಣದೆ, ಒಳಗೆ ಮಾತ್ರ ಉದ್ದಕ್ಕೆ ಕಂದು ಗೆರೆ ಓಡಿದ್ದರೆ ಅದು ಫ್ಯುಸೇರಿಯಂ ಸೊರಗು ಇರಬಹುದು. ಟೊಮೆಟೊ ಮತ್ತು ಕಾಮಕಸ್ತೂರಿಯಲ್ಲಿ ಇದನ್ನು ಕಾಣುತ್ತೇವೆ, ಗಿಡದ ಒಂದು ಪಕ್ಕ ಮಾತ್ರ ಬಾಡುವುದೂ ಉಂಟು. ಇದಕ್ಕೆ ಮದ್ದಿಲ್ಲ, ಗಿಡ ಎಸೆಯಬೇಕು.

ಟೊಮೆಟೊ, ಬದನೆ, ಕ್ಯಾಪ್ಸಿಕಂ ಹಸಿರಿದ್ದಂತೆಯೇ ದಿಢೀರನೆ ಬಾಡಿದರೆ ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಬುಡದ ಕಾಂಡದ ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿ ತುದಿ ಮುಳುಗುವ ಹಾಗೆ ಹಿಡಿಯಿರಿ. ಐದು ಹತ್ತು ನಿಮಿಷದಲ್ಲಿ ಹಾಲಿನ ಎಳೆಯಂತೆ ಬೆಳ್ಳಗೆ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾ ಸೊರಗು. ಅಲ್ಲಿಗೆ ಆ ಟ್ಯಾಂಕಿನ ಬೆಳೆ ಮುಗಿಯಿತು, ಎಲ್ಲ ತೆಗೆದು ತೊಳೆಯುವುದೇ ದಾರಿ.

ಹಂತ 5: ಅಳತೆ ತೆಗೆಯಿರಿ, ಮಧ್ಯಾಹ್ನವೇ

ಬೆಳಗ್ಗೆ ಏಳಕ್ಕೆ ಟ್ಯಾಂಕಿಗೆ ಥರ್ಮಾಮೀಟರ್ ಹಾಕಿ 22 ಡಿಗ್ರಿ ಇದೆ ಅಂತ ನೆಮ್ಮದಿಯಾಗಿ ಇದ್ದರೆ ಪ್ರಯೋಜನ ಇಲ್ಲ. ಮಧ್ಯಾಹ್ನ ಎರಡರಿಂದ ಮೂರರ ಒಳಗೆ ಅಳೆಯಿರಿ. ಟ್ಯಾಂಕಿನಲ್ಲಿ ಅಷ್ಟೇ ಅಲ್ಲ, ಕೊನೆಯ ಗಿಡ ದಾಟಿ ವಾಪಸ್ ಬೀಳುವ ನೀರನ್ನೂ ಅಳೆಯಿರಿ. ನನ್ನ ತಾರಸಿಯಲ್ಲಿ ಆ ದಿನ ವಾಪಸ್ ಬರುತ್ತಿದ್ದ ನೀರು 33 ಡಿಗ್ರಿ ಇತ್ತು, ಬೆರಳಿಟ್ಟರೆ ಉಗುರು ಬೆಚ್ಚಗೆ.

ಇದು ಯಾಕೆ ಇಷ್ಟು ಮುಖ್ಯ? 20 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಗೆ ಬಂದರೆ ಸುಮಾರು 7.5 ಮಾತ್ರ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಇಲ್ಲಿ ಇನ್ನೂ ಹತ್ತನೇ ಒಂದು ಪಾಲು ಕಡಿಮೆ. ಇನ್ನೊಂದು ಕಡೆ, ಬಿಸಿ ಏರಿದಂತೆ ಬೇರಿನ ಉಸಿರಾಟ ಜೋರಾಗುತ್ತದೆ, 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡರಷ್ಟು ಆಮ್ಲಜನಕ ಬೇಕು. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುತ್ತದೆ. ಅದೇ ಹೊತ್ತಿಗೆ ಪಿಥಿಯಂನ ಒಂದು ಜಾತಿ, ಅಫನಿಡರ್ಮೇಟಂ, 30 ಡಿಗ್ರಿ ದಾಟಿದ ಬಿಸಿಯಲ್ಲೇ ಚೆನ್ನಾಗಿ ಬೆಳೆಯುತ್ತದೆ.

ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 5.5ರಿಂದ 6.5ರ ಒಳಗಿರಲಿ. ಇಸಿ, ಅಂದರೆ ನೀರಿನಲ್ಲಿ ಎಷ್ಟು ಗೊಬ್ಬರ ಕರಗಿದೆ ಎಂದು ಮೀಟರ್ ತೋರಿಸುವ ಅಳತೆ (mS/cm), ಲೆಟ್ಯೂಸ್‌ಗೆ 0.8ರಿಂದ 1.4 ಸಾಕು, ಬೇಸಿಗೆಯಲ್ಲಿ ಕೆಳಗಿನ ಅಂಕಿಯ ಹತ್ತಿರ ಇಡುವುದು ಒಳ್ಳೆಯದು.

ಕೊಳೆ ಬಂದಿದೆ, ಈಗ ಏನು ಮಾಡಬೇಕು

ಮೊದಲು ಗಿಡ ಬೇರೆ ಮಾಡಿ. ಬುಡ ಮೆತ್ತಗಾದ ಲೆಟ್ಯೂಸ್, ಪಾಲಕ್ ಉಳಿಯುವುದಿಲ್ಲ, ಆಸೆ ಬಿಡಿ. ಕವರಿನಲ್ಲಿ ಕಟ್ಟಿ ಕೆಳಗೆ ತನ್ನಿ, ತಾರಸಿಯ ಕಾಂಪೋಸ್ಟ್ ಡಬ್ಬಿಗೆ ಹಾಕಬೇಡಿ. ಕಾಮಕಸ್ತೂರಿ, ಪುದೀನ, ಟೊಮೆಟೊ ಆದರೆ ಒಂದು ದಾರಿ ಇದೆ. ಮೇಲಿನ ಆರೋಗ್ಯವಾದ ರೆಂಬೆಯನ್ನು ಕತ್ತರಿಸಿ, ಕತ್ತರಿಸಿದ ಜಾಗ ಒಳಗೆ ಪೂರ್ತಿ ಬೆಳ್ಳಗೆ ಅಥವಾ ತಿಳಿಹಸಿರಾಗಿ ಕಾಣುವವರೆಗೂ ಮೇಲೆ ಮೇಲೆ ಕತ್ತರಿಸುತ್ತಾ ಹೋಗಿ, ಆಮೇಲೆ ಬೇರೆ ಲೋಟದ ಶುದ್ಧ ನೀರಿನಲ್ಲಿ ನೆರಳಲ್ಲಿಡಿ. ಒಂದೆರಡು ವಾರದಲ್ಲಿ ಹೊಸ ಬೇರು ಬರುತ್ತದೆ. ಒಳಗೆ ಕಂದು ಗೆರೆ ಇದ್ದ ಗಿಡದಿಂದ ಮಾತ್ರ ರೆಂಬೆ ತೆಗೆದುಕೊಳ್ಳಬೇಡಿ.

ಬೇರು ಸ್ವಲ್ಪ ಮಾತ್ರ ಕೊಳೆತು ಬುಡ ಗಟ್ಟಿಯಿದ್ದರೆ ಕೊಳೆತ ಬೇರನ್ನು ಕತ್ತರಿಯಿಂದ ತೆಗೆದು, ಉಳಿದದ್ದನ್ನು ತಣ್ಣೀರಿನಲ್ಲಿ ತೊಳೆಯಿರಿ. ಬೇರು ಕಡಿಮೆಯಾದಷ್ಟು ಎಲೆಯನ್ನೂ ಕಡಿಮೆ ಮಾಡಿ, ಇಲ್ಲದಿದ್ದರೆ ಇರುವ ಬೇರಿಗೆ ಹೊರೆ ಜಾಸ್ತಿ.

ಟ್ಯಾಂಕಿನ ನೀರನ್ನು ಪೂರ್ತಿ ಖಾಲಿ ಮಾಡಿ. ಅರ್ಧ ಬದಲಾಯಿಸಿದರೆ ಸಾಲದು. ಹೊಸ ನೀರಿಗೆ ಅರ್ಧದಷ್ಟೇ ನ್ಯೂಟ್ರಿಯೆಂಟ್ ಹಾಕಿ, ಏರ್ ಸ್ಟೋನ್ (ನೀರಿನೊಳಗೆ ಗಾಳಿಗುಳ್ಳೆ ಬಿಡುವ ಕಲ್ಲು) ಬಿಡಿ.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಕೆಲಸ ಮಾಡುತ್ತದೆ, ಆದರೆ ಲೆಕ್ಕ ತಪ್ಪಬಾರದು. ಹೊರದೇಶದವರು ಹೇಳುವ ಅಳತೆ ಸಾಮಾನ್ಯವಾಗಿ ಶೇ. 3ರ ದ್ರಾವಣಕ್ಕೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವುದು ಹೆಚ್ಚಾಗಿ 20 ವಾಲ್ಯೂಮ್, ಅಂದರೆ ಶೇ. 6. ಅವರ ಅಳತೆ ಹಾಗೇ ಹಾಕಿದರೆ ಎರಡರಷ್ಟು ಬಿದ್ದು ಎಳೆ ಬೇರು ಸುಟ್ಟುಹೋಗುತ್ತದೆ. ಬಾಟಲಿ ಮೇಲೆ ಓದಿ ನೋಡಿ, ಶೇ. 6ರದ್ದಾದರೆ ಲೀಟರ್ ನೀರಿಗೆ 1 ಮಿಲಿಯಿಂದ ಶುರು ಮಾಡಿ. ಮೂರು ದಿನ ಬಿಟ್ಟು ಇನ್ನೊಂದು ಸಲ. ಇದು ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುವುದರಿಂದ ಪರಿಣಾಮ ಬಹಳ ಹೊತ್ತು ಉಳಿಯುವುದಿಲ್ಲ. ನೀರು ಬಿಸಿಯಾಗಿಯೇ ಇದ್ದರೆ ಕೊಳೆ ವಾಪಸ್ ಬರುತ್ತದೆ.

ಶುಂಠಿಗೆ, ಅಡಿಕೆಗೆ ಹಾಕುವ ಮೆಟಲಾಕ್ಸಿಲ್, ಕಾಪರ್ ಔಷಧಿಗಳನ್ನು ಸೊಪ್ಪು ಬೆಳೆಯುವ ಟ್ಯಾಂಕಿಗೆ ಹಾಕಬೇಡಿ. ಸೊಪ್ಪು ನಾಲ್ಕು ವಾರದಲ್ಲಿ ತಟ್ಟೆಗೆ ಬರುತ್ತದೆ, ಮಕ್ಕಳೂ ಹಸಿಯಾಗಿ ತಿನ್ನುತ್ತಾರೆ. ಸುತ್ತುವ ನೀರಿನಲ್ಲಿ ಕಾಪರ್ ಜಾಸ್ತಿಯಾದರೆ ಬೇರಿಗೇ ವಿಷ.

ಬೆಳೆ ಮುಗಿದ ಮೇಲೆ ಪೈಪು, ಪಾಟು, ಪಂಪ್ ಎಲ್ಲವನ್ನೂ ಬ್ರಷ್ ಹಾಕಿ ಲೋಳೆ ಹೋಗುವ ಹಾಗೆ ಉಜ್ಜಿ. ಆಮೇಲೆ ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಮೂರ್ನಾಲ್ಕು ಸಲ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಉಜ್ಜದೆ ಬ್ಲೀಚ್ ಹಾಕಿದರೆ ಲೋಳೆಯ ಕೆಳಗೆ ರೋಗಾಣು ಹಾಗೇ ಇರುತ್ತದೆ. ಬ್ಲೀಚ್ ಜೊತೆ ಪಿಎಚ್ ಇಳಿಸುವ ಆಸಿಡ್, ವಿನೆಗರ್, ಬಾತ್‌ರೂಮ್ ಆಸಿಡ್ ಯಾವುದೂ ಸೇರಬಾರದು. ವಿಷಗಾಳಿ ಏಳುತ್ತದೆ, ಇದರಲ್ಲಿ ಉದಾಸೀನ ಬೇಡವೇ ಬೇಡ. ಹಳೇ ಕೋಕೋಪೀಟನ್ನು ಮತ್ತೆ ಬಳಸಬೇಡಿ.

ಮತ್ತೆ ಬರದ ಹಾಗೆ: ನೀರು ತಂಪಾಗಿರಲಿ

ನೀರು 18ರಿಂದ 22 ಡಿಗ್ರಿ ಇದ್ದರೆ ಚೆಂದ, ನಮ್ಮ ಬೇಸಿಗೆಯಲ್ಲಿ 25ರ ಒಳಗೆ ಹಿಡಿದಿಟ್ಟರೂ ದೊಡ್ಡದು. ಚಿಲ್ಲರ್ (ನೀರು ತಣಿಸುವ ಯಂತ್ರ) ಕೊಳ್ಳುವ ಮೊದಲು ಟ್ಯಾಂಕ್ ಎಲ್ಲಿದೆ ನೋಡಿ. ತಾರಸಿಯ ಕಾಂಕ್ರೀಟ್ ಮೇಲೆ ನೇರ ಇಟ್ಟ ಟ್ಯಾಂಕ್ ಹೆಂಚಿನ ಮೇಲಿಟ್ಟ ಪಾತ್ರೆ ಇದ್ದ ಹಾಗೆ. ಕೆಳಗೆ ಇಟ್ಟಿಗೆ ಮತ್ತು ಥರ್ಮಾಕೋಲ್ ಕೊಡಿ, ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಮಡಕೆ ನೀರು ತಣ್ಣಗಾಗುವ ಉಪಾಯವೇ ಇದು, ಗಾಳಿಯಾಡುವ ನೆರಳಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಶೇ. 50ರ ಶೇಡ್ ನೆಟ್. ಪೈಪುಗಳಿಗೆ ಬಿಳಿ ಬಣ್ಣ. ಟ್ಯಾಂಕ್ ದೊಡ್ಡದಿದ್ದಷ್ಟೂ ಬಿಸಿ ಏರುವುದು ನಿಧಾನ, 20 ಲೀಟರ್ ಬಕೆಟ್‌ನಲ್ಲಿ 40 ಗಿಡ ನಡೆಸುವುದೇ ಬೇಸಿಗೆಯಲ್ಲಿ ಕಷ್ಟ ತರುತ್ತದೆ.

ಫ್ರೀಜರಿನ ಐಸ್ ಬಾಟಲಿ ಹಾಕುವವರಿಗೆ ಒಂದು ಲೆಕ್ಕ. ಒಂದು ಲೀಟರ್ ಬಾಟಲಿಯ ಐಸ್ ಕರಗಿದರೆ 40 ಲೀಟರ್ ನೀರು ಸುಮಾರು 2 ಡಿಗ್ರಿ ಇಳಿಯುತ್ತದೆ, ಅಷ್ಟೆ. 100 ಲೀಟರಿಗೆ ಒಂದು ಬಾಟಲಿ ಹಾಕಿದರೆ ಗೊತ್ತೇ ಆಗುವುದಿಲ್ಲ. ಹನ್ನೊಂದು ಗಂಟೆಯಿಂದ ಒಂದೊಂದಾಗಿ ಹಾಕುತ್ತಾ ಬಂದರೆ ಮಧ್ಯಾಹ್ನದ ಏರಿಕೆ ತಡೆಯಬಹುದು.

ಬೇರಿಗೆ ಗಾಳಿ

ಮೀನಿನ ಅಂಗಡಿಯಲ್ಲಿ ಸಿಗುವ ಏರ್ ಪಂಪ್, ಏರ್ ಸ್ಟೋನ್ ಸಾಕು. ಪಂಪನ್ನು ನೆರಳಿನಲ್ಲಿ ಇಡಿ, ಬಿಸಿಲಿನಲ್ಲಿಟ್ಟರೆ ಬಿಸಿ ಗಾಳಿಯನ್ನೇ ನೀರಿಗೆ ಊದುತ್ತದೆ. ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪಂಪಿನೊಳಗೆ ಬರುತ್ತದೆ.

ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ ತೂತು ಕೊರೆದು ಮಾಡಿದ ವ್ಯವಸ್ಥೆ ನಮ್ಮಲ್ಲಿ ಜಾಸ್ತಿ. ಅದರಲ್ಲಿ ಎಷ್ಟೋ ಸಲ ನೀರು ಹರಿಯುವುದಿಲ್ಲ, ನಿಂತಿರುತ್ತದೆ. ಮೀಟರಿಗೆ 2ರಿಂದ 3 ಸೆಂಟಿಮೀಟರ್ ಇಳಿಜಾರು ಇದೆಯೇ ನೋಡಿ, ಸಾಲಿಗೆ ನಿಮಿಷಕ್ಕೆ 1ರಿಂದ 2 ಲೀಟರ್ ನೀರು ಬರುತ್ತಿದೆಯೇ ಎಂದು ಜಗ್ ಹಿಡಿದು ಅಳೆಯಿರಿ. ಒಂದೇ ಪೈಪನ್ನು ಹಾವಿನಂತೆ ಸುತ್ತಿಸಿದ್ದರೆ ಕೊನೆಯ ಗಿಡಗಳಿಗೆ ಮೇಲಿನವರು ಉಸಿರಾಡಿ ಬಿಟ್ಟ ಬಿಸಿ ನೀರೇ ಸಿಗುತ್ತದೆ. ನಮ್ಮಲ್ಲೂ ಮೂರನೇ ಸಾಲೇ ಮೊದಲು ಬಿದ್ದದ್ದು. ಈಗ ಪ್ರತಿ ಸಾಲಿಗೂ ಬೇರೆ ಬೇರೆ ಸಣ್ಣ ಪೈಪ್ ಕೊಟ್ಟಿದ್ದೇನೆ.

ಪಂಪ್ ಇಲ್ಲದೆ ನಿಂತ ನೀರಿನ ಡಬ್ಬಿಯಲ್ಲೇ ಗಿಡ ಬೆಳೆಸುವ ಕ್ರ್ಯಾಟ್ಕಿ ವಿಧಾನದವರು ಒಂದು ತಪ್ಪು ಮಾಡಬಾರದು. ನೀರು ಇಳಿದಂತೆ ಮೇಲಿನ ಬೇರು ಗಾಳಿಯಲ್ಲಿ ಉಸಿರಾಡಲು ಕಲಿತಿರುತ್ತದೆ. ನೀರು ಕಡಿಮೆಯಾಗಿದೆ ಅಂತ ಮತ್ತೆ ಕುತ್ತಿಗೆವರೆಗೆ ತುಂಬಿಸಿದರೆ ಆ ಬೇರು ಮುಳುಗಿ ಸಾಯುತ್ತದೆ. ತುಂಬಿಸಲೇಬೇಕಾದರೆ ಕೆಳಗಿನ ಮೂರನೇ ಒಂದು ಪಾಲು ಮಾತ್ರ ತುಂಬಿಸಿ.

ಬುಡ ಒಣಗಿರಲಿ, ಕೈ ಶುದ್ಧವಾಗಿರಲಿ

ಸಸಿಯನ್ನು ನೆಟ್ ಪಾಟಿಗೆ ಇಡುವಾಗ ಕಾಂಡವನ್ನು ಹೂಳಬೇಡಿ, ಕುತ್ತಿಗೆ ಮೇಲೆ ಕಾಣಬೇಕು. ಬರಿ ಕೋಕೋಪೀಟ್ ಒದ್ದೆಯಾಗಿಯೇ ಇರುತ್ತದೆ, ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿ. ಮೇಲೆ ಹಸಿರು ಪಾಚಿ ಕಂಡರೆ ಬೆಳಕು ಬೀಳುತ್ತಿದೆ ಎಂದರ್ಥ, ಮುಚ್ಚಿ. ಆ ಪಾಚಿಗೆ ಸಣ್ಣ ಕಪ್ಪು ನೊಣಗಳು ಬಂದು ಮೊಟ್ಟೆ ಇಡುತ್ತವೆ, ಅವುಗಳ ಹುಳು ಬೇರು ಕಡಿಯುತ್ತಾ ಪಿಥಿಯಂ ಹಂಚುತ್ತದೆ. ಅನುಮಾನ ಇದ್ದರೆ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಕೋಕೋಪೀಟ್ ಮೇಲೆ ಇಡಿ. ಎರಡು ದಿನ ಬಿಟ್ಟು ತಿರುವಿ ನೋಡಿದರೆ ಕಪ್ಪು ತಲೆಯ ಬಿಳಿ ಹುಳುಗಳು ಕೆಳಗೆ ಅಂಟಿರುತ್ತವೆ. ಹಳದಿ ಅಂಟು ಕಾಗದ ನೇತುಹಾಕಿ.

ಕುಂಡದ ಮಣ್ಣು ಕೆದಕಿದ ಕೈಯನ್ನು ಟ್ಯಾಂಕಿಗೆ ಹಾಕಬೇಡಿ. ಮಣ್ಣಿನಲ್ಲಿ ಪಿಥಿಯಂ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಈಗ ಹೈಡ್ರೋಪೋನಿಕ್ಸ್ ಕೆಲಸ ಮೊದಲು, ಮಣ್ಣಿನ ಕೆಲಸ ಆಮೇಲೆ. ಕೊಯ್ಲು ಬೆಳಗ್ಗೆ ಮಾಡಿ, ಗಾಯ ಸಂಜೆಯೊಳಗೆ ಒಣಗುತ್ತದೆ.

ಟ್ರೈಕೋಡರ್ಮ, ಸುಡೋಮೊನಾಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಪುಡಿಗಳು ಕೊಳೆ ತಡೆಯಲು ನೆರವಾಗುತ್ತವೆ, ಆದರೆ ಕೊಳೆತ ಬುಡವನ್ನು ವಾಪಸ್ ತರುವುದಿಲ್ಲ. ಲೀಟರಿಗೆ 10 ಗ್ರಾಂ ಸುಡೋಮೊನಾಸ್ ಕಲಸಿ ಸಸಿಯ ಬೇರನ್ನು ಅರ್ಧ ಗಂಟೆ ಅದ್ದಿ ನೆಡಿ. ಪುಡಿ ಟಾಲ್ಕಿನಲ್ಲಿ ಇರುತ್ತದೆ, ಟ್ಯಾಂಕಿಗೆ ನೇರ ಹಾಕಿದರೆ ಪಂಪ್ ಕಟ್ಟಿಕೊಳ್ಳುತ್ತದೆ, ಬಟ್ಟೆಯಲ್ಲಿ ಸೋಸಿ. ಪೆರಾಕ್ಸೈಡ್ ಹಾಕಿದ ವಾರ ಇವನ್ನು ಹಾಕಬೇಡಿ, ಅದು ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಕೊಲ್ಲುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ (ಉಪಕಾರಿ ಸೂಕ್ಷ್ಮಜೀವಿಗಳ ಮಿಶ್ರಣ) ಸಿಕ್ಕರೆ ಸಸಿ ಬೆಳೆಸುವ ಕೋಕೋಪೀಟ್‌ಗೆ ಬೆರೆಸಬಹುದು.

ಕೊನೆಗೆ ಕರೆಂಟ್. ಬೇಸಿಗೆ ಮಧ್ಯಾಹ್ನ ಒಂದು ಗಂಟೆ ಪಂಪ್ ನಿಂತರೂ ಪೈಪಿನಲ್ಲಿರುವ ಬೇರು ಅರೆ ಒಣಗುತ್ತದೆ, ಮತ್ತೆ ನೀರು ಬಂದಾಗ ಆ ಸತ್ತ ತುದಿಗಳಿಂದಲೇ ಕೊಳೆ ಶುರು. ಬ್ಯಾಟರಿ ಇರುವ ಸಣ್ಣ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ನೀರಿನ ಪಂಪಿಗೆ ಮನೆಯ ಯುಪಿಎಸ್‌ನಿಂದ ಒಂದು ವೈರ್ ತಾರಸಿಗೆ ಎಳೆಸಿ. ಕರೆಂಟ್ ಹೋಗಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಮೂರನೇ ದಿನ ಪ್ರತಿ ಸಾಲಿನ ಕೊನೆಯ ಪಾಟ್ ಎತ್ತಿ ಬೇರನ್ನು ಎರಡು ಬೆರಳಲ್ಲಿ ಎಳೆದು ನೋಡಿ.